ಕವಳಿಕಟ್ಟಿ ಕೆರೆಯ ಸಾವಂತ್ರಿಗಲ್ಲು

ಕವಳಿಕಟ್ಟಿ ಕೆರೆಯ ಪಡುವಣ ದಂಡೆಯಲ್ಲಿ, ಹುಣಸೆ ತೋಪಿನ ನೆರಳಿಗೆ, ಹಂಚು ಹೊದೆಸಿದ ಉದ್ದನೆಯ ಪಡಸಾಲೆಗಳೂ ಒಂದು ಪುಟ್ಟ ಪ್ರಾರ್ಥನಾಲಯವೂ ಇವೆ. ಗೇಟಿನ ಕಮಾನಿನ ಮೇಲೆ ನೀಲಿ ಅಕ್ಷರಗಳಲ್ಲಿ ‘ಬೆಥೆಸ್ದ ಮಕ್ಕಳ ಬೇಸಿಗೆ ಶಿಬಿರ’ ಎಂದು ಬರೆದಿದೆ. ಆದರೆ ಧಾರವಾಡದ ಕಡೆಯಿಂದ ಬರುವ ಬಸ್ಸಿನ ಕಂಡಕ್ಟರನಿಗೆ ಬೆಥೆಸ್ದ ಎಂದು ಹೇಳಿ ನೋಡಿ. ನಿಮ್ಮನ್ನು ಮುಂದಿನ ತಾಲೂಕಿಗೆ ಒಯ್ದು ಇಳಿಸುತ್ತಾನೆ. ‘ಸಾವಂತ್ರಿಗಲ್ಲು’ ಎಂದರೆ ಮಾತ್ರ ತೋಪಿನ ಎದುರಿಗೆ ಸೀಟಿ ಊದುತ್ತಾನೆ. ದಂಡೆಯಿಂದ ಕಲ್ಲೆಸೆತದ ದೂರದಲ್ಲಿ, ನೀರಿನ ನಡುವೆ, ಮಂಚದಷ್ಟು ಅಗಲವಾಗಿ ಮಲಗಿರುವ ಕರಿಬಂಡೆಯೇ ಈ ಸಾವಂತ್ರಿಗಲ್ಲು. ಯಾವಳೋ ಪತಿವ್ರತೆ ಅಲ್ಲಿ ತಪಸ್ಸು ಮಾಡಿದಳೆಂದು ಕೆಲವರು ಎನ್ನುತ್ತಾರೆ. ರಾಣಿಯೊಬ್ಬಳು ಜಲಕ್ರೀಡೆ ಆಡಿದಳೆಂದು ಮಾಸ್ತರರೊಬ್ಬರು ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕಿಸಿದ್ದಾರೆ. ಇವರಾರೂ ನನ್ನನ್ನು ಕೇಳಲಿಲ್ಲ. ಕೇಳಬೇಕಿತ್ತು. ಏಕೆಂದರೆ ಈ ಕಲ್ಲಿನ ಇತಿಹಾಸದ ಅರ್ಧಭಾಗ ನಮ್ಮ ಮನೆತನದ ಗಂಟಲಿನಲ್ಲಿದೆ. ಉಳಿದರ್ಧ ಒಂದು ಎಮ್ಮೆಯದು.

ಹಿಂದೆ ಒಮ್ಮೆ, ಪ್ಲೇಗು ಈ ಸೀಮೆಯ ಊರೂರನ್ನೂ ಗುಡಿಸಿಕೊಂಡು ಹೋದ ಮೇಲೆ, ಮಿಶನ್ನಿನ ಅನಾಥಾಲಯದಲ್ಲಿ ಸಲೋಮಿಬಾಯಿ ಎಂಬ ಹೆಡ್‌ಮಾಸ್ತರಣಿ ಇದ್ದರು. ಬೇಸಿಗೆ ರಜೆ ಬಂತೆಂದರೆ ಅಜ್ಜಿಯೋ ಮಾವನೋ ಇದ್ದ ಮಕ್ಕಳು ಊರಿಗೆ ಹೋಗುವರು. ಯಾರೂ ಇಲ್ಲದ ಮಕ್ಕಳು ಗೇಟಿನ ಸರಳು ಹಿಡಿದು ಬರಿದಾದ ರಸ್ತೆಯನ್ನು ನೋಡುತ್ತ ನಿಲ್ಲುವರು. ಬಾಯಿಯವರಿಗೆ ಅದನ್ನು ನೋಡಲಾಗಲಿಲ್ಲ. ಈ ಮಕ್ಕಳಿಗೂ ರಜೆಗೆ ಹೋಗಲು ಒಂದು ಊರು ಬೇಕು ಎಂದು ಹಟ ತೊಟ್ಟು, ಎರಡು ಬಂಡಿಗಳಲ್ಲಿ ಮಕ್ಕಳನ್ನೂ ನವಣೆ ಚೀಲವನ್ನೂ ಹೇರಿಕೊಂಡು ಎಂಟು ದಿನದ ಮಟ್ಟಿಗೆ ಈ ತೋಪಿಗೆ ಬಂದಿಳಿದರು. ತೋಪಿಗೂ ಕೆರೆಗೂ ದ್ಯಾವನಗೌಡರೇ ಧಣಿ. ಮಕ್ಕಳು ಆಗಲೇ ಪಾದ ನೆನೆಸಿಕೊಂಡು ಕಿರುಚುತ್ತಿರುವಾಗ ಗೌಡರು ಕೋಲೂರಿಕೊಂಡು ಬಂದರು.

“ಬಾಯಾರ, ಮಕ್ಕಳು ನೀರಾಗ ಇಳಿದ್ರ ನಮ್ಮ ಸಾವಂತ್ರಿ ಇನ್ನಷ್ಟು ಒಳಗ ಸರೀತಾಳ. ನಾಳೆ ಮುಂಜಾನೆ ಬಂಡಿ ಹೂಡ್ರಿ.”

“ಅಯ್ಯ, ಸಾವಂತ್ರಿ ಅಂದ್ರ ನಿಮ್ಮ ಮಗಳೇನ್ರೀ ಗೌಡ್ರ?”

“ಎಮ್ಮಿ ರೀ.”

ಆದರೆ ಅದೇನು ಸಾಮಾನ್ಯ ಎಮ್ಮೆಯೆಂದು ತಿಳಿಯಬೇಡಿ. ಅದರ ಹಾಲಿನಲ್ಲಿ ಸೌಟು ನಿಲ್ಲಿಸಿದರೆ ಸೌಟು ಬೀಳುತ್ತಿರಲಿಲ್ಲ. ಮೊಸರನ್ನು ಕುಡುಗೋಲಿನಿಂದ ಕೊಯ್ದು ಪಂಜೆಯಲ್ಲಿ ಕಟ್ಟಿಕೊಂಡು ಸಂತೆಗೆ ಒಯ್ಯುತ್ತಿದ್ದರು. ಆ ಎಮ್ಮೆಯನ್ನು ಕರೆಯುತ್ತಿದ್ದವಳು ಗೌಡರ ತಾಯಿ ನೀಲಗಂಗವ್ವ, ಕೆಚ್ಚಲಿಗೆ ಕೈ ಹಾಕಿದಾಗೆಲ್ಲ ಒಂದು ಹಾಡು ಹೇಳಿಕೊಳ್ಳುತ್ತ. ಆ ವರುಷ ಸಂಕ್ರಾಂತಿಗೆ ಮುದುಕಿ ತೀರಿಕೊಂಡಳು. ಮರುದಿನವೇ ಸಾವಂತ್ರಿ ಹಗ್ಗ ಹರಿದುಕೊಂಡು ಕೆರೆಗಿಳಿದಳು. ಅಂಚಿನ ಹುಲ್ಲು ಮೇಯುವಳು, ಯಾರಾದರೂ ಹತ್ತಿರ ಬಂದರೆ ಮತ್ತೆ ನೀರು ಸೇರುವಳು. ಗೌಡರು ಸ್ವತಃ ಹಿಂಡಿಯ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಎದೆಮಟ್ಟ ನೀರಿನಲ್ಲಿ ನಿಂತು ಬೇಡಿಕೊಂಡರೂ ತಿರುಗಿ ನೋಡಲಿಲ್ಲ. ಕರೆಯದ ಹಾಲೆಲ್ಲ ಕೆರೆಗೇ ಸೋರಿ ನೀರು ಬೆಳ್ಳಗಾಯಿತು. ಆ ಹಾಲು ಕುಡಿದ ಮೀನುಗಳು ಕೊಬ್ಬಿ, ಕೊಕ್ಕರೆಗಳು ಅವನ್ನು ಎತ್ತಲಾರದೆ ಎರಡೆರಡಾಗಿ ಹೊರುತ್ತಿದ್ದವು ಎನ್ನುತ್ತಾರೆ. ಎನ್ನುವವನು ನಾನೇ. ಹೋದ ವರುಷ ಶಿಬಿರದ ಹುಡುಗಿಯೊಬ್ಬಳು ಎದ್ದು ನಿಂತು, “ಕಾಕಾ, ಮೀನು ಎಲ್ಲರೆ ಹಾಲು ಕುಡೀತಾವೇನ್ರಿ?” ಎಂದು ಅಡ್ಡ ಹಾಕಿದಳು. “ಈಗಿನ ಮೀನು ಕುಡಿಯೂದಿಲ್ಲವ್ವಾ, ಅವಕ್ಕೂ ಚಹಾದ ರೂಢಿ ಆಗೇತಿ” ಎಂದು ಕೂರಿಸಿದೆ.

ಇರಲಿ. ಸಲೋಮಿಬಾಯಿಯವರು ಗೌಡರ ಮುಖವನ್ನೊಮ್ಮೆ, ನೀರಿನಲ್ಲಿ ತೇಲುತ್ತಿದ್ದ ಎರಡು ಕೋಡುಗಳನ್ನೊಮ್ಮೆ ನೋಡಿ, “ನನ್ನ ಮಕ್ಕಳು ಛಲೋ ಹಾಡ್ತಾವರೀ. ಹಾಡಿಗೆ ಆಕಿ ಹೊರಗ ಬಂದ್ರ?” ಎಂದರು. ಗೌಡರು ನಕ್ಕರು. “ಬಂದ್ರ ವರ್ಷಾ ಬ್ಯಾಸಿಗಿಗೆ ಬರ್ರಿ, ತೋಪು ನಿಮ್ದ. ಬರಲಿಲ್ಲಂದ್ರ ಹೊತ್ತು ಮುಳುಗೂದ್ರಾಗ ಗಂಟು ಕಟ್ರಿ.” ನಾಳೆ ಬೆಳಗಿನ ತನಕ ಇದ್ದ ಗಡುವು ಹೀಗೆ ಇವತ್ತಿನ ಸಂಜೆಗೇ ಬಂತು. ಬಾಯಿಯವರಿಗೆ ಹಾಡು ಬರುತ್ತಿತ್ತು, ವ್ಯಾಪಾರ ಬರುತ್ತಿರಲಿಲ್ಲ.

ನಮ್ಮ ಕ್ರೈಸ್ತ ಸಭೆಗಳಲ್ಲಿ ಗೀತೆಯನ್ನು ನಾಲ್ಕು ದನಿಗಳಲ್ಲಿ ಹಾಡುವ ರೂಢಿ. ಮೇಲಿನ ದನಿಗಳು ಮಕ್ಕಳಿಗೂ ಹೆಂಗಸರಿಗೂ. ಎಲ್ಲಕ್ಕಿಂತ ಕೆಳಗಿನ ಬೇಸ್ ದನಿ ತುಂಬಿದ ಗಂಟಲಿನ ಗಂಡಸರಿಗೆ. ಆ ದಿನ ಬೇಸ್ ದನಿಯವರು ಯಾರೂ ಇರಲಿಲ್ಲ. ಇರಲಿಲ್ಲವೆಂದರೆ, ಒಬ್ಬರಿದ್ದರು, ನಮ್ಮಜ್ಜ ಎಲೀಷಪ್ಪ. ಅವರ ದನಿಗೆ ದೇವಾಲಯದ ಕಿಟಕಿ ಗಾಜು ಬಿರುಕು ಬಿಟ್ಟು, ಪಾದ್ರಿಗಳ ಕನ್ನಡಕ ಜಾರಿ, ಹೊರಗೆ ಕಟ್ಟಿದ ಕುದುರೆಗಳು ಗಾಡಿಸಮೇತ ಓಡಿ ಹೋಗಿದ್ದರಿಂದ ಗಾಯನ ಮಂಡಳಿಯಿಂದ ಅವರನ್ನು ತೆಗೆದಿದ್ದರು. ಬಾಯಿಯವರು ಅವರನ್ನು ಅಡುಗೆಗೆಂದು ಕರೆತರುವಾಗಲೂ ಒಂದು ಕರಾರು ಹಾಕಿದ್ದರು: “ಎಲೀಷಪ್ಪ, ಸೌಟು ಹಿಡೀರಿ, ಸ್ವರ ಹಿಡೀಬ್ಯಾಡ್ರಿ.” ಹಾಗಾಗಿ ಅಜ್ಜ ಹುಣಸೆ ಮರದ ಬುಡದಲ್ಲಿ ನವಣೆ ಹುಗ್ಗಿ ತಿರುವುತ್ತ, ತುಟಿ ಕಚ್ಚಿಕೊಂಡು ಕೂತಿದ್ದರು.

ಮಕ್ಕಳು ಸಾಲಾಗಿ ನಿಂತು ಹಾಡಿದರು. ಸಾವಂತ್ರಿ ಬೆನ್ನು ತಿರುಗಿಸಿದಳು. ಇನ್ನೂ ಎತ್ತರಿಸಿ ಹಾಡಿದರು. ಮೂಗಿನ ಹೊಳ್ಳೆಗಳಷ್ಟೇ ಉಳಿಯುವಂತೆ ಮುಳುಗಿದಳು. ನೋಡಲು ನೆರೆದ ಊರವರು, “ಬಾಯಾರ, ಎಮ್ಮಿ ಬರೂದ ಇರ್ಲಿ, ಕಪ್ಪಿ ಸೈತ ಊರು ಬಿಟ್ಟುವು!” ಎಂದು ಕೇಕೆ ಹಾಕಿದರು. ಹೊತ್ತು ಇಳಿಯುತ್ತ ಬಂತು. ಮಕ್ಕಳ ಗಂಟಲು ಕಟ್ಟಿತು. ಆಗ ದೀನಮ್ಮ ಎಂಬ ಸಣ್ಣ ಹುಡುಗಿ ಸಾಲಿನಿಂದ ಸದ್ದಿಲ್ಲದೆ ಹೊರಬಂದು, ಹುಣಸೆ ಮರದ ಕೆಳಗೆ ಕೂತು, ಯಾರೂ ಹೇಳದೆಯೇ ತನ್ನ ಗಂಟು ಕಟ್ಟತೊಡಗಿದಳು. ಎದ್ದು ಹೋಗು ಎನ್ನಿಸಿಕೊಳ್ಳುವ ಮೊದಲೇ ಏಳುವುದು ಆ ಮಗುವಿಗೆ ರೂಢಿಯಾಗಿತ್ತು.

ಅಜ್ಜ ಅದನ್ನು ನೋಡಿದರು. ಸೌಟು ಕೈಯಿಂದ ಬಿತ್ತು. ಕರಾರೂ ಅದರ ಜೊತೆಗೇ ಬಿತ್ತು. ಮಕ್ಕಳು ಹಾಡುತ್ತಿದ್ದ ಗೀತೆಗೆ ಅವರು ಕೆಳಗಿನಿಂದ ದನಿ ಕೊಟ್ಟಾಗ ತೋಪಿನ ಹುಣಸೆಹಣ್ಣೆಲ್ಲ ಒಂದೇ ಸಲಕ್ಕೆ ಉದುರಿತು. ಆ ವರುಷ ಗೌಡರು ಬಡಿಯುವವರಿಗೆ ಕೂಲಿ ಕೊಡಲಿಲ್ಲ. ನೀರಿನಲ್ಲಿ ಮೊದಲು ಎರಡು ಕಿವಿಗಳು ಎದ್ದವು. ಆಮೇಲೆ ಕೋಡು, ಆಮೇಲೆ ಬೆನ್ನು. ಸಾವಂತ್ರಿ ಈಜಿ ಬಂದು ಕರಿಬಂಡೆಯನ್ನು ಹತ್ತಿ, ಮೈಯಿಂದ ನೀರು ಸುರಿಸುತ್ತ, ಕತ್ತು ಚಾಚಿ ನಿಂತಳು. ಗೌಡರು ರುಮಾಲು ತೆಗೆದು ಕೈಯಲ್ಲಿ ಹಿಡಿದರು.

“ಯಪ್ಪಾ... ಇದು ನಮ್ಮವ್ವನ ದನಿ!”

ನೀಲಗಂಗವ್ವನದು ಅಂಥ ಗಡಸು ದನಿಯಂತೆ. ತಮ್ಮದು ಸಿಂಹದ ಗಂಟಲೆಂದು ಮೀಸೆ ತಿರುವಿಕೊಂಡಿದ್ದ ನಮ್ಮಜ್ಜನಿಗೆ, ಅದು ಹಾಲು ಕರೆಯುವ ಮುದುಕಿಯ ಗಂಟಲೆಂದು ಗೊತ್ತಾದದ್ದು ಆಗ. ಅಷ್ಟರಲ್ಲಿ ಗೀತೆ ಮುಗಿಯಿತು. ಸಾವಂತ್ರಿ ಮತ್ತೆ ನೀರಿನತ್ತ ತಿರುಗಿದಳು. “ಎಲೀಷಪ್ಪ, ನಿಲ್ಲಿಸಬ್ಯಾಡ್ರೀ!” ಎಂದು ಬಾಯಿಯವರು ಕೂಗಿದರು. ಎಮ್ಮೆ ದಂಡೆಗೆ ಬಂದು ಗೌಡರ ಮನೆಯ ದಾರಿ ಹಿಡಿಯಿತು, ಅಜ್ಜ ಹಾಡುತ್ತ ಅದರ ಹಿಂದೆ ಹಿಂದೆ ನಡೆದರು, ಮಕ್ಕಳು ಇಬ್ಬದಿಯಲ್ಲಿ. ಬಲ್ಲ ಗೀತೆಗಳೆಲ್ಲ ಅಗಸೆಬಾಗಿಲಿನಲ್ಲೇ ಮುಗಿದವು. ಬೈಬಲಿನ ಆದಿಕಾಂಡದಿಂದ ಮಲಾಕಿಯವರೆಗಿನ ಪುಸ್ತಕಗಳ ಹೆಸರನ್ನೇ ರಾಗವಾಗಿ ಹಾಡಿದರು. ಅದೂ ಮುಗಿದಾಗ ಮಗ್ಗಿ ಹಾಡಿದರು. ಹದಿಮೂರರ ಮಗ್ಗಿಯಲ್ಲಿ ಎಲ್ಲರೂ ತಪ್ಪಿದರು, ಎಮ್ಮೆ ಮನ್ನಿಸಿತು. ಗೌಡರು ತಾಯಿಯ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು ಹಾಲು ಕರೆದರು. ಚರಿಗೆ ತುಂಬಿ, ಕೊಡ ತುಂಬಿ, ಕಡೆಗೆ ನೆರೆಮನೆಯ ಹಂಡೆ ತಂದರು. ತೋಪಿನಲ್ಲಿ ಹುಗ್ಗಿ ಸೀದು ಕರಿಕಾಗಿತ್ತು; ಆ ರಾತ್ರಿ ಶಿಬಿರದವರು ಉಂಡದ್ದು ಗೌಡರ ಮನೆಯ ಹಾಲುಬಾನ.

“ಎಂಟ ದಿನ ಅಲ್ರೀ ಬಾಯಾರ,” ಎಂದರು ಗೌಡರು ತಾವೇ ಬಡಿಸುತ್ತ, “ಈ ಮಕ್ಕಳಿಗೆ ಇದ ಊರು ಅಂತ ತಿಳೀರಿ.” ಬಾಯಿಯವರು ಅಜ್ಜನ ಕಡೆ ತಿರುಗಿ, “ಇನ್ನ ಮ್ಯಾಲೆ ಸೌಟೂ ನಿಮ್ದ, ಸ್ವರಾನೂ ನಿಮ್ದ” ಎಂದರು. ದೀನಮ್ಮ ತಾನು ಕಟ್ಟಿದ ಗಂಟನ್ನು ಬಿಚ್ಚಿ, ಅದರ ಬಟ್ಟೆಯನ್ನು ಕೆರೆಯ ಕಡೆಗಿನ ಹುಣಸೆ ಕೊಂಬೆಗೆ ಒಣಹಾಕಿದಳು.

ಮೇ ತಿಂಗಳಲ್ಲಿ ಬಂದರೆ ನೀವು ಈಗಲೂ ನೋಡಬಹುದು. ಶಿಬಿರಕ್ಕೆ ಬಂದ ಪ್ರತಿ ಮಗುವೂ ಮೊದಲು ತನ್ನ ಚೀಲ ಬಿಚ್ಚಿ, ಒಂದು ಟವೆಲ್ಲನ್ನೋ ದುಪಟ್ಟಾವನ್ನೋ ಆ ಕೊಂಬೆಗೆ ಹಾಕುತ್ತದೆ, ಆಮೇಲೆಯೇ ಊಟ. ಗೌಡರ ಮರಿಮೊಮ್ಮಗನ ಮನೆಯಿಂದ ಮೊಸರಿನ ಗಡಿಗೆ ಬರುತ್ತದೆ. ಕುಡುಗೋಲು ಬೇಡ, ಚಮಚೆ ಸಾಕು, ಕಾಲ ಕೆಟ್ಟಿದೆ. ಸಂಜೆಗೆ, ಯಾವ ಮಗುವನ್ನು ಅದರ ಊರಿನಲ್ಲಿ ‘ನಿನ್ನ ದನಿ ಛಲೋ ಇಲ್ಲ’ ಎಂದು ಹಾಡಿನಿಂದ ಹೊರಗಿಟ್ಟಿದ್ದಾರೋ ಅದನ್ನು ಹರಿಗೋಲಿನಲ್ಲಿ ಕೂರಿಸಿ ಸಾವಂತ್ರಿಗಲ್ಲಿಗೆ ಒಯ್ದು, ಮೊದಲ ಸಾಲನ್ನು ಅದರಿಂದಲೇ ಹೇಳಿಸುತ್ತಾರೆ. ಒಡಕು ದನಿಯೋ ಗೊಗ್ಗರು ದನಿಯೋ, ಆ ಮಗು ಬಾಯಿ ತೆರೆದರೆ ಸಾಕು, ಕೆರೆಯಲ್ಲಿ ಮಲಗಿದ ಎಮ್ಮೆಗಳು ಕಿವಿ ನಿಮಿರಿಸುತ್ತವೆ. ಹೋದ ಬೇಸಿಗೆಯಲ್ಲಿ ನಾನೂ ಕಲ್ಲು ಹತ್ತಿ ಹಾಡಿದೆ. ಎಮ್ಮೆಗಳಷ್ಟೇ ಅಲ್ಲ, ರಸ್ತೆಯ ಮೇಲೆ ಬಸ್ಸೇ ನಿಂತಿತು. ಟಾಯರು ಒಡೆದಿತ್ತೆಂದು ಕಂಡಕ್ಟರ ಹೇಳುತ್ತಾನೆ. ಅವನ ಮಾತು ನಂಬಬೇಡಿ. ಅವನಿಗೆ ಬೆಥೆಸ್ದ ಎಲ್ಲಿದೆಯೆಂದೇ ಗೊತ್ತಿಲ್ಲ.