ಬಾಗಿಲ ಪಕ್ಕದ ಎರಡು ಬಣ್ಣ

ಮನೆಗೆ ಯಾವುದು ಒಪ್ಪುತ್ತದೆಂದು ನೋಡಲು ಬಾಗಿಲ ಅಂಚಿನ ಗೋಡೆಗೆ ಇಟ್ಟಿಗೆ ಬಣ್ಣವನ್ನೂ ಅದಕ್ಕೆ ತಾಗಿಕೊಂಡೇ ಅರಿಶಿನ ಬಣ್ಣವನ್ನೂ ಬಳಿದಿದ್ದರು. ಒಪ್ಪದ್ದನ್ನು ಸಂಜೆ ಉಪ್ಪುಕಾಗದದಿಂದ ಉಜ್ಜಿ ತೆಗೆಯುವುದೆಂದು ಮಾತಾಗಿತ್ತು.

“ಮನೆಗೆ ಬೆಳಕು ನನ್ನಿಂದ. ನೀನೋ ಉರಿದು ಆರಿದ ಒಲೆ. ದೂರ ಸರಿ,” ಎಂದಿತು ಅರಿಶಿನ.

ಇಟ್ಟಿಗೆಗೆ ಮೈಯೆಲ್ಲ ಉರಿಯಿತು. “ಬೆಚ್ಚಗಿಡುವವನು ನಾನು. ನೀನೇ ದೂರ ಸರಿ!” ಎಂದಿತಾದರೂ ಒಳಗೊಳಗೇ ಸಂಜೆಗೆ ಹೆದರಿತ್ತು.

ಅಷ್ಟರಲ್ಲಿ, ಕಣ್ಣು ಮಂಜಾಗಿದ್ದ ಪುಟ್ಟತಾಯಮ್ಮ ಗೋಡೆ ತಡವುತ್ತ ಬಂದರು. ಎರಡು ಬಣ್ಣ ಕೂಡುವಲ್ಲಿ ನಿಂತು ಸೊಸೆಯನ್ನು ಕೂಗಿದರು: “ಕುಸುಮಾ, ಇಲ್ಲಿ ಬಣ್ಣ ಬದಲಾಗೋದು ನಂಗೂ ಕಾಣ್ತದೆ ಕಣೇ! ಬಾಗಿಲು ಇಲ್ಲೇ ಅಂತ ಗೊತ್ತಾಯ್ತು. ಎರಡೂ ಇರಲಿ.” ಯಾರ ಕೈಯನ್ನೂ ಹಿಡಿಯದೆ ಅಂಗಳಕ್ಕೆ ನಡೆದರು.

ಉಪ್ಪುಕಾಗದ ಮೂಲೆ ಸೇರಿತು.

“ಇಟ್ಟಿಗೆಯಣ್ಣಾ,” ಎಂದಿತು ಅರಿಶಿನ ಮೆತ್ತಗೆ, “ಎಲ್ಲೂ ಸರಿಯಬೇಡ.”