ಒಂದು ಜಡೆ ತಪ್ಪಿದ ಸ್ವೆಟರ್

"ಬುದ್ಧೀ, ಕೆಟ್ಟ ವ್ರತವನ್ನು ಎಷ್ಟು ಸಲ ಮೊದಲಿನಿಂದ ಹಿಡಿಯಬಹುದು?"

ಕೇಳಿದವನು ಶಿಷ್ಯ ಷಡಕ್ಷರಿ. ಬೆಳಗಿನ ಪ್ರಸಾದ ಮುಗಿದಿತ್ತು. ಗುರುಗಳು ಮಠದ ಜಗುಲಿಯಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು.

ಒಂದು ಮಂಡಲ ಕಾಲ, ಅಂದರೆ ನಲವತ್ತೆಂಟು ದಿನ, ಯಾರ ಮೇಲೂ ಸಿಡುಕುವುದಿಲ್ಲ ಎಂದು ಷಡಕ್ಷರಿ ವ್ರತ ಹಿಡಿದಿದ್ದ. ಅದನ್ನು ಮುಗಿಸಿದರೆ ಮಕ್ಕಳಿಗೆ ಪಾಠ ಹೇಳಲು ಕೂರಿಸುತ್ತೇನೆ ಎಂದು ಗುರುಗಳು ಮಾತು ಕೊಟ್ಟಿದ್ದರು. ಅವನಿಗೆ ಬೇಕಾಗಿದ್ದುದೂ ಅದೇ. ಆದರೆ ಪ್ರತಿ ಸಲವೂ ನಡುವೆ ಎಲ್ಲೋ ನಾಲಗೆ ಜಾರಿಬಿಡುತ್ತಿತ್ತು. ಕೂಡಲೇ ತಲೆಗೆ ತಣ್ಣೀರು ಸುರಿದುಕೊಂಡು, ಅಲ್ಲಿಯವರೆಗಿನ ದಿನಗಳನ್ನೆಲ್ಲ ಲೆಕ್ಕದಿಂದ ಬಿಟ್ಟು, ಇವತ್ತೇ ಮೊದಲ ದಿನ ಎಂದು ಶುರು ಮಾಡುತ್ತಿದ್ದ. ಈಚೆಗೆ ಅವನಿಗೆ ನೆಗಡಿ ಬಿಡುತ್ತಲೇ ಇರಲಿಲ್ಲ.

"ಈ ಸಲ ಯಾರ ಮೇಲೆ ಸಿಡುಕಿದೆ?" ಎಂದು ಗುರುಗಳು ಕೇಳಿದರು.

"ಅಡುಗೆಯ ಗುರುಮಲ್ಲಣ್ಣನ ಮೇಲೆ, ಬುದ್ಧೀ. ಸಾರಿಗೆ ಉಪ್ಪು ಹೆಚ್ಚಾಗಿತ್ತು. ಎಲ್ಲರೆದುರಿಗೇ ಅಂದುಬಿಟ್ಟೆ. ಅದು ಹೋಗಲಿ ಬಿಡಿ. ವ್ರತ ಕೆಟ್ಟಿತಲ್ಲ, ನನಗೆ ಆ ಸಂಕಟ."

"ಸಂಕಟ ಆಮೇಲೆ ಪಡುವೆಯಂತೆ. ಈಗ ಒಂದು ಕತೆ ಕೇಳು. ನಗು ಬಂದರೆ ನಕ್ಕುಬಿಡು, ಅದಕ್ಕೇನೂ ವ್ರತ ಕೆಡುವುದಿಲ್ಲ" ಎಂದು ಗುರುಗಳು ಕತೆ ಶುರು ಮಾಡಿದರು.

ಚಳಿ ಹೆಚ್ಚಿರುವ ಒಂದು ಊರಿನಲ್ಲಿ ಒಬ್ಬ ಹೆಂಗಸಿದ್ದಳು. ಅವಳಿಗೆ ಚೊಚ್ಚಲು ಮಗು. ಚಳಿಗಾಲ ಬರುವುದರೊಳಗೆ ಮಗುವಿಗೆ ತನ್ನ ಕೈಯಿಂದಲೇ ಒಂದು ಸ್ವೆಟರ್ ಹೆಣೆದು ಹಾಕಬೇಕೆಂದು ಅವಳ ಆಸೆ. ಸಾದಾ ಸ್ವೆಟರ್ ಅಲ್ಲ. ಎದೆಯ ಮೇಲೆ ಉದ್ದಕ್ಕೂ ಜಡೆ ಇಳಿದಿರಬೇಕು. ತಾಯಂದಿರ ಆಸೆ ಸಾದಾ ಆಗಿರುವುದಿಲ್ಲ, ನಿನಗೂ ಗೊತ್ತಲ್ಲ.

ಜಡೆ ಹೆಣೆಯುವುದು ಕಷ್ಟವೇನಲ್ಲ. ಕೆಲವು ಸಾಲಿಗೊಮ್ಮೆ, ಜಡೆಯ ಅರ್ಧ ಕುಣಿಕೆಗಳನ್ನು ಒಂದು ಗಿಡ್ಡ ಕಡ್ಡಿಗೆ ಏರಿಸಿ, ಆ ಕಡ್ಡಿಯನ್ನು ಮುಂದಕ್ಕೆ ಹಿಡಿದು, ಉಳಿದರ್ಧವನ್ನು ಮೊದಲು ಹೆಣೆಯಬೇಕು. ಆಗ ಒಂದು ಎಳೆ ಇನ್ನೊಂದರ ಮೇಲೆ ಹಾಯುತ್ತದೆ. ಪ್ರತಿ ಸಲವೂ ಕಡ್ಡಿ ಮುಂದಕ್ಕೇ ಇರಬೇಕು. ಮರೆತು ಹಿಂದಕ್ಕೆ ಹಿಡಿದರೆ ಮೇಲೆ ಹಾಯಬೇಕಾದ ಎಳೆ ಕೆಳಗೆ ನುಸುಳುತ್ತದೆ. ಜಡೆ ಅಲ್ಲೊಂದು ಕಡೆ ಸೊಟ್ಟಗಾಗುತ್ತದೆ. ತೊಂದರೆಯೆಂದರೆ ಅದು ಆಗಲೇ ಕಾಣುವುದಿಲ್ಲ, ಮುಂದೆ ಒಂದು ಗೇಣು ಹೆಣೆದ ಮೇಲೆ ಕಾಣುತ್ತದೆ.

ಅವಳ ಬೆರಳು ಚುರುಕು. ಕಣ್ಣು ಮಾತ್ರ ಮಗುವಿನ ಮೇಲೆ. ಮೊದಲ ಸಲ ಅರ್ಧ ಸ್ವೆಟರ್ ಏಳುವ ಹೊತ್ತಿಗೆ ಮಗು ಮಗುಚಿಕೊಂಡಿತು. ಅವಳು ಖುಷಿಯಿಂದ ಕೂಗಿಕೊಂಡಳು, ಕಡ್ಡಿ ಹಿಂದಕ್ಕೆ ಹೋಯಿತು, ಜಡೆ ತಪ್ಪಿತು. ಕೆಲವು ದಿನ ಕಳೆದು ಅದು ಕಣ್ಣಿಗೆ ಬಿತ್ತು. ತಪ್ಪಿದ್ದು ಒಂದು ಜಡೆಯ ಒಂದು ತಿರುವು. ಅವಳು ಅಷ್ಟನ್ನೂ ಬುಡದವರೆಗೆ ಬಿಚ್ಚಿ, ಉಂಡೆ ಸುತ್ತಿ, ಹೊಸದಾಗಿ ಶುರು ಮಾಡಿದಳು. ಎರಡನೆಯ ಸಲ ಮಗುವಿಗೆ ಹಲ್ಲು ಬಂತು. ಮತ್ತೆ ಕೂಗು, ಮತ್ತೆ ತಪ್ಪು, ಮತ್ತೆ ಉಂಡೆ. ಆಮೇಲೆ ಮಗು ಅಂಬೆಗಾಲಿಟ್ಟಿತು. ಆ ಮನೆಯಲ್ಲಿ ಸಂತೋಷಕ್ಕೆ ಕೊರತೆ ಇರಲಿಲ್ಲ. ಹಾಗಾಗಿ ತಪ್ಪಿಗೂ ಕೊರತೆ ಬರಲಿಲ್ಲ.

ಬಿಚ್ಚಿ ಬಿಚ್ಚಿ ಉಣ್ಣೆ ಸವೆಯಿತು. ಕೂದಲೆದ್ದ ಜಾಗಗಳನ್ನು ಕತ್ತರಿಸಿ ಎಸೆದದ್ದಕ್ಕೆ ಉಂಡೆ ಚಿಕ್ಕದಾಗುತ್ತಾ ಬಂತು. ಮಗುವೋ ದೊಡ್ಡದಾಗುತ್ತಾ ಬಂತು. ಗಂಡ ದಿನಾ ರೇಗಿಸುತ್ತಿದ್ದ: "ಏನೇ, ಇದನ್ನ ಮಗೂಗೆ ಹಾಕ್ತೀಯೋ, ಮಗೂನ ಮಗೂಗೆ ಹಾಕ್ತೀಯೋ?" ಅವಳು ತಲೆಯೆತ್ತದೆ ಹೆಣೆಯುತ್ತಿದ್ದಳು. ಬೆಳಿಗ್ಗೆ ಬಾಗಿಲು ತೆಗೆದರೆ ಮಂಜು ಕಾಣತೊಡಗಿತ್ತು. ಮಗು ಅಜ್ಜಿಯ ಹಳೆಯ ಶಾಲಿನಲ್ಲಿ ಸುತ್ತಿಕೊಂಡಿತ್ತು. ಅದನ್ನು ನೋಡಿದಾಗಲೆಲ್ಲ ಅವಳಿಗೆ ಅಳು ಬರುತ್ತಿತ್ತು.

ಆ ಸಲ ಸ್ವೆಟರ್ ಮುಗಿಯುತ್ತಾ ಬಂದಿತ್ತು. ಗಿಡ್ಡ ಕಡ್ಡಿಗೆ ಕುಣಿಕೆ ಏರಿಸಿ ಹಾಗೇ ಒಮ್ಮೆ ನೋಡಿದಳು. ಕೆಳಗೆ, ಹೊಕ್ಕುಳ ಬರುವ ಜಾಗದಲ್ಲಿ, ಅದೇ ಜಡೆಯ ಒಂದು ತಿರುವು ಸೊಟ್ಟ. ಮಗು ಗೋಡೆ ಹಿಡಿದು ನಿಂತ ದಿನದ ತಿರುವು ಅದು. ಅವಳು ಸ್ವೆಟರನ್ನು ಮಡಿಲಿಗೆ ಹಾಕಿಕೊಂಡು ಕೂತಳು. ಇದನ್ನೂ ಬಿಚ್ಚಿದರೆ ಈ ಚಳಿಗಾಲಕ್ಕೆ ಸ್ವೆಟರ್ ಇಲ್ಲ. ಮುಂದಿನ ಚಳಿಗಾಲಕ್ಕೆ ಉಣ್ಣೆ ಇಲ್ಲ.

ಅಷ್ಟರಲ್ಲಿ ಮಗು ತೆವಳಿಕೊಂಡು ಬಂದು, ಗಿಡ್ಡ ಕಡ್ಡಿಯನ್ನು ಕಿತ್ತು ಬಾಯಿಗಿಟ್ಟುಕೊಂಡಿತು. ಇನ್ನೊಂದು ಕೈಯಿಂದ ಸ್ವೆಟರನ್ನೂ ಜಗ್ಗಿತು. ಕಡ್ಡಿಯಿಂದ ಕಳಚಿದ ಕುಣಿಕೆಗಳು ಒಂದೊಂದೇ ಸಾಲು ಇಳಿಯತೊಡಗಿದವು. ಅವಳು ಕಣ್ಣು ಮುಚ್ಚಿ ಕಿರುಚಿದಳು: "ಅತ್ತೇ, ಎಲ್ಲಾ ಬಿಚ್ಚಿಹೋಯ್ತು!"

ಅತ್ತೆ ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಮೊದಲು ಮಗುವಿನ ಬಾಯಿಂದ ಕಡ್ಡಿ ಕಿತ್ತುಕೊಂಡಳು. ಆಮೇಲೆ ಸ್ವೆಟರ್ ನೋಡಿದಳು. "ಎಲ್ಲಿ ಬಿಚ್ಚಿಹೋಗಿದೆ? ಎಲ್ಲಾ ಕಡ್ಡಿ ಮೇಲೇ ಕೂತಿದೆಯಲ್ಲೇ. ಒಂದು ಜಡೇಲಿ ಅರ್ಧ ಇಳಿದಿದೆ, ಅಷ್ಟೆ. ಕಣ್ಣು ಬಿಡು ತಾಯಿ!"

ಅವಳು ಕಣ್ಣು ಬಿಟ್ಟಳು. ನಿಜವಾಗಿಯೂ ಅಷ್ಟೇ ಆಗಿತ್ತು. ಇಳಿದ ಕುಣಿಕೆಗಳ ಜಾಗದಲ್ಲಿ ಅಡ್ಡ ಎಳೆಗಳು ಏಣಿಯ ಮೆಟ್ಟಿಲಿನಂತೆ ನಿಂತಿದ್ದವು. ಅಕ್ಕಪಕ್ಕದ ಒಂದು ಕುಣಿಕೆಯೂ ಅಲುಗಿರಲಿಲ್ಲ. ಇಷ್ಟು ದಿನ ಅವಳು ಹೆದರಿದ್ದು ಇದಕ್ಕೇ. ಒಂದು ಕುಣಿಕೆ ಬಿಟ್ಟರೆ ಸ್ವೆಟರೇ ಹೋಗುತ್ತದೆ ಎಂದುಕೊಂಡು, ಒಂದೂ ಬಿಡದೆ ಸ್ವೆಟರನ್ನೇ ಬಿಚ್ಚುತ್ತಿದ್ದಳು. ನಗಬೇಡ ಷಡಕ್ಷರಿ. ಸರಿ, ನಗು.

ಈಗ ಅವಳಿಗೆ ಧೈರ್ಯ ಬಂತು. ಜಡೆಯ ಉಳಿದ ಅರ್ಧವನ್ನೂ ತಾನೇ ಕಡ್ಡಿಯಿಂದ ಇಳಿಸಿದಳು. ಸೊಟ್ಟ ತಿರುವಿನವರೆಗೆ ಎರಡೂ ಅರ್ಧಗಳನ್ನು ಇಳಿಯಬಿಟ್ಟಳು. ಅಲ್ಲಿ ಅಡಿಯಲ್ಲಿದ್ದ ಎಳೆಯನ್ನು ಮೇಲೆ ಹಾಯಿಸಿದಳು. ಆ ಅಡ್ಡ ಎಳೆಗಳಿಂದಲೇ ಒಂದೊಂದು ಸಾಲು ಹೆಣೆಯುತ್ತಾ ಮೇಲಕ್ಕೆ ಬಂದಳು. ಊಟದ ಹೊತ್ತಿಗೆ ಜಡೆ ನೆಟ್ಟಗಾಗಿತ್ತು. ಆ ಜಾಗ ಸ್ವಲ್ಪ ಸಡಿಲವಾಗಿ ಕಾಣುತ್ತಿತ್ತು, ಒಗೆದ ಮೇಲೆ ಅದೂ ಕೂತುಕೊಂಡಿತು.

ಮಗುವಿಗೆ ಸ್ವೆಟರ್ ಹಾಕಿದ ದಿನ ಅವಳ ಸಂತೋಷ ಹೇಳತೀರದು. ತೋಳು ತುಸು ಗಿಡ್ಡವಾಗಿತ್ತು. ಗಂಡ ಬಾಯಿ ತೆರೆಯಲು ಹೋದ. ಅತ್ತೆ ದುರುಗುಟ್ಟಿ ನೋಡಿದಳು, ಅವನು ಬಾಯಿ ಮುಚ್ಚಿಕೊಂಡ. ಅವಳು ಮಗುವನ್ನು ಎತ್ತಿಕೊಂಡು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಮೆರೆಸಿಕೊಂಡು ಬಂದಳು. ಮನೆಗೆ ಬಂದ ಗಳಿಗೆಯಲ್ಲೇ ಮಗು ರಾಗಿ ಸರಿಯನ್ನು ಎದೆಯ ಮೇಲೆ ಚೆಲ್ಲಿಕೊಂಡಿತು. ಅವಳು ಗೊಳ್ಳನೆ ನಕ್ಕು, ಸೆರಗಿನ ತುದಿಯಿಂದ ಅಷ್ಟು ಜಾಗವನ್ನು ಒರೆಸಿದಳು.

ಕತೆ ಮುಗಿಸಿ ಗುರುಗಳೂ ನಕ್ಕರು. ಷಡಕ್ಷರಿಯ ಮುಖ ಅರಳಿತ್ತು. ಅವನು ಮೊಣಕಾಲಿನ ಮೇಲೆ ಮುಂದಕ್ಕೆ ಜರುಗಿ, "ಗೊತ್ತಾಯಿತು ಬುದ್ಧೀ! ಎಷ್ಟು ಸುಲಭ! ಇನ್ನು ಮೊದಲ ದಿನದಿಂದ ಶುರು ಮಾಡಬೇಕಿಲ್ಲ. ಸಿಡುಕಿದ ಆ ಒಂದು ದಿನವನ್ನು ಬಿಟ್ಟು ಉಳಿದ ದಿನಗಳನ್ನು ಎಣಿಸಿಕೊಂಡರೆ ಆಯಿತು, ಅಲ್ಲವೇ?" ಎಂದ.

ಗುರುಗಳು ಅವನನ್ನೇ ಪ್ರೀತಿಯಿಂದ ನೋಡುತ್ತಾ ಹೇಳಿದರು:

"ಗುರುಮಲ್ಲಣ್ಣ ಹಿತ್ತಿಲಲ್ಲಿ ಹಂಡೆ ತಿಕ್ಕುತ್ತಿದ್ದಾನೆ."

ಷಡಕ್ಷರಿ ಎದ್ದು, ಕ್ಷಮೆ ಕೇಳಲು ಹಿತ್ತಿಲ ಕಡೆ ನಡೆದ.