ಮುಳ್ಳುಹಂದಿಯ ಹನ್ನೊಂದನೆಯ ಕರಡು

ಒಂದು ಕಾಡಿನಲ್ಲಿ ಒಂದು ವಿದ್ಯಾಪೀಠವಿತ್ತು. ಕಾಡಿಗೇಕೆ ವಿದ್ಯಾಪೀಠ ಎಂದು ನನ್ನನ್ನು ಕೇಳಬೇಡಿ. ಇತ್ತು, ಅಷ್ಟೆ. ಅಲ್ಲಿ ಪದವಿ ಬೇಕೆಂದವರು ಒಂದು ಮಹಾಪ್ರಬಂಧ ಬರೆಯಬೇಕಿತ್ತು. ಅದಕ್ಕೂ ಮೊದಲು, ಏನು ಬರೆಯುತ್ತೇನೆ ಎಂಬುದರ ಯೋಜನೆ ಬರೆಯಬೇಕಿತ್ತು. ಆ ಯೋಜನೆಯ ಕೆಳಗೆ ಮಾರ್ಗದರ್ಶಕರು ಕೆಮ್ಮಣ್ಣಿನಲ್ಲಿ ಕಾಲು ಅದ್ದಿ ಪಂಜದ ಗುರುತು ಒತ್ತಬೇಕಿತ್ತು. ಗುರುತಿಲ್ಲದ ಬರಹದಲ್ಲಿ ಎಷ್ಟೇ ಒಳ್ಳೆಯ ಮಾತಿರಲಿ, ಅದನ್ನು ಯಾರೂ ಮೂಸಿಯೂ ನೋಡುತ್ತಿರಲಿಲ್ಲ.

ಈ ವಿದ್ಯಾಪೀಠದಲ್ಲಿ ಮೊನಚಿ ಎಂಬ ಮುಳ್ಳುಹಂದಿ ಓದುತ್ತಿದ್ದಳು. ಅವಳು ಆರಿಸಿಕೊಂಡ ವಿಷಯ 'ಬಳಸುವವರನ್ನು ನಡುವಿಗಿಟ್ಟ ತಂತ್ರಜ್ಞಾನ'. ಹೆಸರು ಉದ್ದ, ಮಾತು ಸರಳ. ಯಾವ ಯಂತ್ರ ಮಾಡಿದರೂ ಅದನ್ನು ಬಳಸುವವರ ಕೈಕಾಲು, ಕಷ್ಟಸುಖ ನೋಡಿ ಮಾಡಬೇಕು ಎನ್ನುವುದು.

ಆ ಕಾಡಿನ ನಡುವೆ, ಒಳಗೆ ಮೆಟ್ಟಿಲುಗಲ್ಲುಗಳಿದ್ದ ಒಂದು ಕಲ್ಲುಬಾವಿಯಿತ್ತು. ಬೇಸಿಗೆ ಬಂತೆಂದರೆ ಅದರ ನೀರು ಪಾತಾಳಕ್ಕೆ ಇಳಿಯುತ್ತಿತ್ತು. ಹೋದ ಬೇಸಿಗೆಯಲ್ಲಿ ಮೊನಚಿಯ ತಂಗಿ ನೀರಿಗೆ ಬಗ್ಗಿ ಜಾರಿ ಬಿದ್ದವಳು ಮೇಲೆ ಬರಲಿಲ್ಲ. ಅಂದೇ ಮೊನಚಿ ನಿಶ್ಚಯ ಮಾಡಿದಳು. ಬಾವಿಗೆ ಒಂದು ಏತ ಕಟ್ಟಬೇಕು. ಉದ್ದನೆಯ ಬಿದಿರಿನ ಒಂದು ತುದಿಗೆ ಭಾರದ ಕಲ್ಲು, ಇನ್ನೊಂದು ತುದಿಗೆ ಹಗ್ಗ ಮತ್ತು ಸೋರೆಬುರುಡೆ. ಹಗ್ಗ ಎಳೆದು ಬಿಟ್ಟರೆ ಬುರುಡೆ ಇಳಿದು ನೀರು ತುಂಬಿಕೊಂಡು ಮೇಲೆ ಬರಬೇಕು. ಮೊಲಕ್ಕೂ ಅದನ್ನು ಎಳೆಯಲು ಬರಬೇಕು, ಇಲಿಗೂ ಬರಬೇಕು.

ಯೋಜನೆಗೆ ಒಪ್ಪಿಗೆ ಸಿಕ್ಕರೆ ಬಿದಿರನ್ನು ವಿದ್ಯಾಪೀಠವೇ ಕೊಡಿಸುತ್ತಿತ್ತು. ಆದರೆ ಮುತ್ತುಗ ಅರಳುವ ಹುಣ್ಣಿಮೆಯೇ ಕೊನೆಯ ದಿನ. ಅದು ತಪ್ಪಿದರೆ ಇನ್ನೊಂದು ಬೇಸಿಗೆಯೂ ಎಲ್ಲರೂ ಬಾವಿಗೆ ಬಗ್ಗಬೇಕು. ಯಾರ ತಂಗಿ ಬೀಳುತ್ತಾಳೋ ಯಾರು ಬಲ್ಲರು.

ಮೊನಚಿಗೆ ಸಿಕ್ಕ ಮಾರ್ಗದರ್ಶಕರು ಜಂಬುಕಯ್ಯ ಪಂಡಿತರು. ಜಾತಿಯಲ್ಲಿ ನರಿ. ಅವರು ಮೊದಲನೆಯ ಕರಡು ನೋಡಿ ಶೀರ್ಷಿಕೆ ಚಿಕ್ಕದಾಯಿತು ಎಂದರು. ಎರಡನೆಯದು ನೋಡಿ ಶೀರ್ಷಿಕೆ ಉದ್ದವಾಯಿತು ಎಂದರು. ಮೂರನೆಯದು ನೋಡಿ, ಮೊದಲಿನದೇ ಚೆನ್ನಾಗಿತ್ತಲ್ಲ, ಯಾಕೆ ಬದಲಾಯಿಸಿದೆ ಎಂದು ಗದರಿದರು. ನಾಲ್ಕನೆಯದನ್ನು ನೋಡಲೇ ಇಲ್ಲ. ಅದರ ಮೇಲೆ ಮಲಗಿ ನಿದ್ದೆ ಮಾಡಿದರು.

ಮೊನಚಿ ತನ್ನ ಬೆನ್ನಿನ ಮುಳ್ಳು ಕಿತ್ತು, ತೇಗದ ಎಲೆಯ ಮೇಲೆ ಗೀಚಿ ಬರೆಯುತ್ತಿದ್ದಳು. ಒಂದು ಕರಡಿಗೆ ನಾಲ್ಕು ಮುಳ್ಳು ಸವೆಯುತ್ತಿದ್ದವು. ಎಂಟನೆಯ ಕರಡಿನ ಹೊತ್ತಿಗೆ ಅವಳ ಬೆನ್ನು ಅಲ್ಲಲ್ಲಿ ಬೋಳಾಯಿತು. ಅವಳಿಗೆ ತಲೆ ಚಚ್ಚಿಕೊಳ್ಳುವಷ್ಟು ರೋಸಿಹೋಗಿತ್ತು. ಆದರೆ ಚಚ್ಚಿಕೊಂಡು ಏನು ಮಾಡುವುದು? ಗುರುತು ಒತ್ತುವ ಪಂಜ ಅವರದು.

ಹತ್ತನೆಯ ಸಲ ಅವಳು, ಹತ್ತು ದಿನ ಬಾವಿಯ ಕಟ್ಟೆಯ ಮೇಲೆ ಕೂತು ಯಾರು ಹೇಗೆ ಬಗ್ಗುತ್ತಾರೆ, ಎಲ್ಲಿ ಜಾರುತ್ತಾರೆ ಎಂದು ನೋಡಿ ಬರೆದುಕೊಂಡು ಹೋದಳು. ಜಂಬುಕಯ್ಯನವರು ಆಕಳಿಸಿದರು.

"ಕೂತು ನೋಡೋದು ಸಂಶೋಧನೆ ಅಲ್ಲಮ್ಮ. ಅದನ್ನ ಕೊಕ್ಕರೇನೂ ಮಾಡುತ್ತೆ. ನಲವತ್ತು ಜನರ ಹತ್ರ ಪ್ರಶ್ನಾವಳಿ ತುಂಬಿಸಿ ತಾ. ಒಂದೊಂದರ ಕೆಳಗೂ ಅವರವರ ಗುರುತು ಇರಬೇಕು."

ಪ್ರಶ್ನೆಗಳನ್ನೂ ಅವರೇ ಬರೆದುಕೊಟ್ಟರು. ಮೊದಲನೆಯ ಪ್ರಶ್ನೆ: ನಿಮ್ಮ ಬಾಯಾರಿಕೆಯ ಅನುಭವಕ್ಕೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ?

ಮೊನಚಿ ಅದನ್ನು ಹಿಡಿದು ಕಾಡೆಲ್ಲ ಅಲೆದಳು. ಮೊಲ ಪ್ರಶ್ನೆ ಕೇಳಿಸಿಕೊಂಡು, "ಅಂಕ ಕೊಟ್ರೆ ನೀರು ಕೊಡ್ತೀಯಾ ಅಕ್ಕ?" ಎಂದಿತು. ಇಲಿ ಹತ್ತಕ್ಕೆ ಹನ್ನೆರಡು ಕೊಟ್ಟು ಓಡಿಹೋಯಿತು. ಮುದಿ ಕೇರೆಹಾವು ಮಾತ್ರ ಪ್ರಶ್ನೆಯನ್ನು ಬದಿಗಿಟ್ಟು ಬಾವಿಯ ಮಾತು ಆಡಿತು. ಅದನ್ನು ಎಲ್ಲರೂ ಕೇರೆಯಜ್ಜ ಎನ್ನುತ್ತಿದ್ದರು.

"ಹಗ್ಗ ಹಿಡಿಯೋದು ನನ್ನ ಕೈಲಾಗಲ್ಲ ಮಗಳೇ, ಸುತ್ತಿಕೊಳ್ಳೋದು ಆಗುತ್ತೆ. ಆದ್ರೆ ನುಣುಪು ಹಗ್ಗದಲ್ಲಿ ಜಾರಿಹೋಗ್ತೀನಿ. ನಡುವೆ ಒಂದು ದಪ್ಪ ಗಂಟು ಹಾಕಿಡು. ನನ್ನಂಥವನಿಗೆ ಅಷ್ಟು ಸಾಕು."

ಮೊನಚಿಗೆ ಎಷ್ಟೋ ದಿನದ ಮೇಲೆ ಖುಷಿಯಾಯಿತು. ನಲವತ್ತು ಗುರುತಿಗಿಂತ ಈ ಒಂದು ಗಂಟು ದೊಡ್ಡದು ಎನಿಸಿತು. ಪ್ರಶ್ನಾವಳಿಯಲ್ಲಿ ಅದಕ್ಕೆ ಜಾಗವಿರಲಿಲ್ಲ, ನೆನಪಿನಲ್ಲೇ ಇಟ್ಟುಕೊಂಡಳು. ಕೊನೆಗೂ ಅವಳ ಕೈಗೆ ಸಿಕ್ಕಿದ್ದು ಹನ್ನೆರಡೇ ಪ್ರಶ್ನಾವಳಿ. ಅಷ್ಟನ್ನೇ ಹನ್ನೊಂದನೆಯ ಕರಡಿನ ಜೊತೆ ಕಟ್ಟಿ ಜಂಬುಕಯ್ಯನವರ ಮುಂದಿಟ್ಟಳು. ಅವರು ಇಲ್ಲೇ ಇಟ್ಟು ಹೋಗು, ಹುಣ್ಣಿಮೆ ಕಳೆದ ಮೇಲೆ ಬಾ ಎಂದರು. ಕೊನೆಯ ದಿನವೇ ಹುಣ್ಣಿಮೆಯಲ್ಲವೇ ಎಂದು ಅವಳು ಕೇಳಿದಳು. ಹಾಗಾದರೆ ಮುಂದಿನ ವರ್ಷ ನೋಡೋಣ, ಅವಸರವೇ ಅಪಾಯ ಎಂದು ಅವರು ಬಾಲ ಬೀಸಿಕೊಂಡು ಒಳಗೆ ಹೋದರು.

ಅವಸರವಂತೆ. ನಾಲ್ಕು ತಿಂಗಳಾಗಿತ್ತು.

ಹುಣ್ಣಿಮೆಯ ಬೆಳಗ್ಗೆ ಸಭೆ ಸೇರಿತು. ಮುತ್ತುಗದ ಮರ ಕೆಂಪಗೆ ಅರಳಿ ನಿಂತಿತ್ತು. ವಿದ್ಯಾಪೀಠದ ಯಜಮಾನಿ ಕರಡಿಯಮ್ಮ ಬಂಡೆಯ ಮೇಲೆ ಕೂತಿದ್ದಳು. ಬೇರೆಯವರ ಯೋಜನೆಯನ್ನಾದರೂ ಕೇಳೋಣ ಎಂದು ಮೊನಚಿ ಹಿಂದಿನ ಸಾಲಿನಲ್ಲಿ ಕೂತಳು. ಎದ್ದು ನಿಂತವರು ಜಂಬುಕಯ್ಯನವರು. ಮುಖ್ಯ ಪಂಡಿತರ ಸ್ಥಾನ ಖಾಲಿಯಿತ್ತು, ಅದಕ್ಕೆ ಸ್ವಂತ ಹೆಸರಿನಲ್ಲಿ ಒಂದು ಯೋಜನೆ ಒಪ್ಪಿಗೆಯಾಗಬೇಕಿತ್ತು. ಅವರು ಗಂಟಲು ಸರಿಮಾಡಿಕೊಂಡು ಓದತೊಡಗಿದರು. ಕಲ್ಲುಬಾವಿ, ಬಿದಿರು, ಸೋರೆಬುರುಡೆ. ಮೊನಚಿ ಕತ್ತು ಚಾಚಿ ನೋಡಿದಳು. ಎಲೆಯ ಮೇಲಿದ್ದುದು ಅವಳದೇ ಮುಳ್ಳಿನ ಗೀರು. ಜೊತೆಗೆ, ಅವಳು ತಂದ ಹನ್ನೆರಡರ ಜಾಗದಲ್ಲಿ ಹೊಸದಾಗಿ ನಲವತ್ತು ಪ್ರಶ್ನಾವಳಿ, ನಲವತ್ತರ ಕೆಳಗೂ ಕೆಂಪು ಗುರುತು. ಇವನು ಒಂದು ದಿನವೂ ಬಾವಿಯ ಕಡೆ ತಲೆ ಹಾಕಿದವನಲ್ಲ.

ಇಲ್ಲಿಯವರೆಗೆ 'ಅವರು' ಎಂದೆ. ಇನ್ನು ಮೇಲೆ 'ಅವನು' ಎನ್ನುತ್ತೇನೆ, ತಪ್ಪು ತಿಳಿಯಬೇಡಿ.

ಕರಡಿಯಮ್ಮ ಒಂದು ಅಕ್ಷರವನ್ನೂ ಓದಿರಲಿಲ್ಲ. ಆಗಲೇ ಅಂಗಾಲನ್ನು ಕೆಮ್ಮಣ್ಣಿನಲ್ಲಿ ಅದ್ದಿಕೊಂಡು, ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದು ರೂಢಿಯಂತೆ ಕೇಳಿದಳು. ಮೊನಚಿಯ ಬೆನ್ನಿನಲ್ಲಿ ಇದ್ದಬದ್ದ ಮುಳ್ಳೆಲ್ಲ ನಿಮಿರಿ ನಿಂತವು. ಕೂಗಾಡಬೇಕು ಎನಿಸಿತು. ಆದರೆ ಕೂಗಿದರೆ ಕೇಳುವವರು ಯಾರು? ಅವಳು ಎದ್ದು ಆ ಪ್ರಶ್ನಾವಳಿಗಳನ್ನು ಒಂದೊಂದಾಗಿ ತಿರುವಿ ಹಾಕಿದಳು. ಇಪ್ಪತ್ತಮೂರನೆಯದರಲ್ಲಿ ನಿಂತಳು.

"ಸರ್, ಇದು ಯಾರದು?"

"ಕೇರೆಹಾವಿಂದು. ಮೇಲೇ ಬರೆದಿದೆಯಲ್ಲ."

"ಕೆಳಗಿರೋ ಪಂಜದ ಗುರುತು?"

"ಅದೂ ಅದರದೇ."

ಮುತ್ತುಗದ ಬುಡದಲ್ಲಿ ಸುರುಳಿ ಸುತ್ತಿ ಮಲಗಿದ್ದ ಕೇರೆಯಜ್ಜ ನಿಧಾನಕ್ಕೆ ತಲೆಯೆತ್ತಿತು. ತನ್ನ ಮೈಯನ್ನು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ತಿರುಗಿ ನೋಡಿಕೊಂಡಿತು. ಇಷ್ಟು ವಯಸ್ಸಾಯಿತು, ತನಗೂ ಒಂದು ಕಾಲಿದೆ ಎಂದು ಇವತ್ತೇ ಗೊತ್ತಾದದ್ದು ಎಂದಿತು. ಮೊಲ ಮೊದಲು ನಕ್ಕಿತು, ಆಮೇಲೆ ಇಡೀ ಸಭೆ ನಕ್ಕಿತು.

ಕರಡಿಯಮ್ಮ ನಗಲಿಲ್ಲ. ಪ್ರಶ್ನಾವಳಿಗಳನ್ನೆಲ್ಲ ಹರಡಿ ನೋಡಿದಳು. ಮೊಲದ ಗುರುತು, ಇಲಿಯ ಗುರುತು, ಕಾಡೆಮ್ಮೆಯ ಗುರುತು, ಎಲ್ಲದರಲ್ಲೂ ಮೂರನೆಯ ಉಗುರು ಸೊಟ್ಟ. ಯಾರ ಉಗುರು ಇದು ಎಂದು ಕೇಳಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಜಂಬುಕಯ್ಯ ತನ್ನ ಮುಂಗಾಲನ್ನು ಬಾಲದ ಕೆಳಗೆ ಸರಿಸಿದ. ಎಲ್ಲರೂ ನೋಡಿದರು. ಈ ಯೋಜನೆಯೂ ನನ್ನದು, ಗೀರೆಲ್ಲ ನನ್ನ ಮುಳ್ಳಿನದು ಎಂದಳು ಮೊನಚಿ. ಆದರೂ ಯೋಜನೆ ಮಾತ್ರ ನನ್ನದೇ ಎಂದು ಅವನು ಪಟ್ಟು ಹಿಡಿದ.

"ಹಾಗಾದ್ರೆ ಹೇಳು, ಹಾವು ಈ ಏತಾನ ಹೇಗೆ ಎಳೆಯುತ್ತೆ?" ಎಂದಳು ಕರಡಿಯಮ್ಮ.

ಜಂಬುಕಯ್ಯ ಇಪ್ಪತ್ತಮೂರನೆಯ ಎಲೆಯ ಕಡೆ ಕಣ್ಣು ಹಾಯಿಸಿದ. 'ಎರಡೂ ಮುಂಗಾಲಿನಿಂದ ಎಳೆಯಲು ಬಹಳ ಅನುಕೂಲ' ಎಂದು ಅವನೇ ಬರೆದಿದ್ದ. ಆ ಎಲೆಯನ್ನು ಮೆಲ್ಲಗೆ ಮಗುಚಿ ಹಾಕಿದ. ಮೊನಚಿಯನ್ನು ಕೇಳಿದಾಗ ಅವಳು, ಹಗ್ಗದ ನಡುವೆ ಒಂದು ದಪ್ಪ ಗಂಟು ಹಾಕಿದರೆ ಹಾವು ಸುತ್ತಿಕೊಂಡು ಎಳೆಯುತ್ತದೆ ಎಂದಳು. ಕೇರೆಯಜ್ಜ ಹೌದೆಂದು ತಲೆದೂಗಿತು.

ಕರಡಿಯಮ್ಮನಿಗೆ ನಾಚಿಕೆಯಾಯಿತು. ಇನ್ನೊಂದು ಗಳಿಗೆ ತಡವಾಗಿದ್ದರೆ ತಾನೂ ಓದದೆ ಗುರುತು ಒತ್ತುತ್ತಿದ್ದೆ ಎಂದು ಸಭೆಯಲ್ಲೇ ಒಪ್ಪಿಕೊಂಡಳು. ಹನ್ನೊಂದನೆಯ ಕರಡನ್ನು ಅಲ್ಲೇ ಕೂತು ಮೊದಲಿನಿಂದ ಕೊನೆಯವರೆಗೆ ಓದಿದಳು. ಜಂಬುಕಯ್ಯನ ಹೆಸರನ್ನು ಉಜ್ಜಿ ಅಳಿಸಿ, ಮೊನಚಿಯ ಹೆಸರು ಬರೆಸಿ, ತನ್ನ ಅಂಗಾಲನ್ನು ಒತ್ತಿದಳು. ನರಿಯ ಪಾಂಡಿತ್ಯ ಅಂದಿಗೇ ಮುಗಿಯಿತು. ಏತ ಎದ್ದು ನಿಲ್ಲುವವರೆಗೂ ಅವನು ಯಾರ ಯಾರ ಹೆಸರಿನಲ್ಲಿ ಸುಳ್ಳು ಗುರುತು ಒತ್ತಿದ್ದನೋ ಆ ನಲವತ್ತೂ ಜನರಿಗೆ ಬಾವಿಯಿಂದ ನೀರು ಹೊರಬೇಕು ಎಂದು ಅಪ್ಪಣೆಯಾಯಿತು.

ಮರುದಿನ ಬಿಸಿಲೇರುವ ಹೊತ್ತಿಗೆ ಜಂಬುಕಯ್ಯ ಸೋರೆಬುರುಡೆ ಕಚ್ಚಿಕೊಂಡು ಬಾವಿಗೆ ಇಳಿದ. ಎರಡು ಸಲ ಜಾರಿದ. ತಂಗಿ ಬಿದ್ದದ್ದು ಆ ಕಲ್ಲಿನಿಂದಲೇ ಎಂದು ಮೇಲೆ ಬಿದಿರಿನ ಗೆಣ್ಣು ಸವರುತ್ತಿದ್ದ ಮೊನಚಿ ಹೇಳಿದಳು. ಅವನು ಮೈಯೆಲ್ಲ ಕೆಸರು ಮಾಡಿಕೊಂಡು, ಏದುಸಿರು ಬಿಡುತ್ತ, ಮೊದಲ ಬುರುಡೆಯನ್ನು ಕೇರೆಯಜ್ಜನ ಮುಂದೆ ಇಟ್ಟ. ಅಜ್ಜ ಅವಸರವಿಲ್ಲದೆ ಕುಡಿದು ತಲೆಯೆತ್ತಿತು.

"ಪಂಡಿತರೇ, ನೀರು ಹೊತ್ತ ಅನುಭವಕ್ಕೆ ಹತ್ತರಲ್ಲಿ ಎಷ್ಟು ಅಂಕ ಕೊಡ್ತೀರಿ?"

ಜಂಬುಕಯ್ಯ ಖಾಲಿ ಬುರುಡೆ ಕಚ್ಚಿಕೊಂಡು ಮತ್ತೆ ಬಾವಿಯ ಕಡೆ ತಿರುಗಿದ. ಇನ್ನೂ ಮೂವತ್ತೊಂಬತ್ತು ಜನ ಕಾಯುತ್ತಿದ್ದರು.

ನೀತಿ: ಯಾರಿಗಾಗಿ ಕೆಲಸ ಮಾಡುತ್ತೇವೋ ಅವರನ್ನು ಕಣ್ಣಾರೆ ಕಂಡು, ಕಿವಿಯಾರೆ ಕೇಳಿ ಮಾಡಬೇಕು. ಅವರ ಮಾತನ್ನು ತಾನೇ ಬರೆದುಕೊಂಡವನು ತನ್ನ ಗುರುತಿನಿಂದಲೇ ಸಿಕ್ಕಿಬೀಳುತ್ತಾನೆ.